ತಾವಾಗಿ ಬಿಗಿಯಾಗದ ಸ್ಕ್ರೂಗಳು

ತೊಂಬತ್ತರ ದಶಕದ ನಡುವೆ ಒಂದು ಮಳೆಗಾಲದಲ್ಲಿ ನಮ್ಮ ಮನೆಯವರು ಧಾರವಾಡದಿಂದ ಹುಬ್ಬಳ್ಳಿಗೆ ಸ್ಕೂಟರಿನಲ್ಲಿ ಬರುವಾಗ ಬಿದ್ದು ಬಲಗೈ ಮುರಿದುಕೊಂಡರು. ಎಲುಬು ಕೂಡಿತು, ಬೆರಳು ಮಾತ್ರ ಮೊದಲಿನಂತೆ ಮಡಚಲಿಲ್ಲ. ಚಹದ ಕಪ್ಪು ಹಿಡಿದರೆ ಜಾರುತ್ತಿತ್ತು. ಅವರು ಟರ್ನರ್, ಎಂದರೆ ಲೇತ್ ಯಂತ್ರದ ಮೇಲೆ ಲೋಹ ಕಡೆಯುವವರು. ಹುಬ್ಬಳ್ಳಿಯ ಕಮರಿಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ಅವರದೊಂದು ಸಣ್ಣ ಲೇತ್ ಇತ್ತು. ಅದರ ಮೇಲೆ ಹಿತ್ತಾಳೆ ಬುಷ್ ಕಡೆದು ಒಂದು ವಾಲ್ವ್ ಕಾರ್ಖಾನೆಗೆ ಕೊಡುತ್ತಿದ್ದರು. ಬುಷ್ ಎಂದರೆ ಒಳಗೆ ತೂತಿರುವ ಹೆಬ್ಬೆರಳಿನಷ್ಟು ಉದ್ದದ ಉರುಟು ತುಂಡು. ನೋಡಲು ಏನೂ ಅಲ್ಲ, ಆದರೆ ಅಳತೆಯಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆ ಆದರೂ ಕಾರ್ಖಾನೆಯವರು ವಾಪಸ್ ಕಳಿಸುತ್ತಿದ್ದರು.

ಮೂರು ತಿಂಗಳು ಲೇತಿನ ಮೇಲೆ ಹಳೆಯ ಬೆಡ್‌ಶೀಟ್ ಹೊದಿಸಿತ್ತು. ಮಾರಿಬಿಡಿ ಎಂದು ಅವರ ಅಣ್ಣತಮ್ಮಂದಿರು ಹೇಳಿದರು. ಅವರು ಮಾರಲಿಲ್ಲ. ಒಂದು ದಿನ ಬೆಡ್‌ಶೀಟ್ ತೆಗೆದು ನನ್ನನ್ನು ಕರೆದು ಹ್ಯಾಂಡಲ್ ಹಿಡಿ ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ನಾನು ಹತ್ತನೇ ಇಯತ್ತೆಯವರೆಗೆ ಓದಿದವಳು. ಮದುವೆಯಾಗಿ ಹತ್ತು ವರ್ಷ ಆ ಯಂತ್ರದ ಪಕ್ಕದಲ್ಲೇ ಓಡಾಡಿದ್ದೆ, ಅದರ ಕೆಳಗಿನ ಹಿತ್ತಾಳೆ ಪುಡಿ ಗುಡಿಸಿದ್ದೆ, ಆದರೆ ಒಮ್ಮೆಯೂ ಮುಟ್ಟಿರಲಿಲ್ಲ. ಅವರು ಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಕುಳಿತು ಕಲಿಸಿದರು. ತುಂಡನ್ನು ಹೇಗೆ ಬಿಗಿಯಬೇಕು, ಎಷ್ಟು ವೇಗ, ಸೆರಗನ್ನು ಹೇಗೆ ಕಟ್ಟಿಕೊಳ್ಳಬೇಕು. ಟೂಲ್ ಎನ್ನುವ ಕಡೆಯುವ ಉಳಿಯನ್ನು ಕೂಡಿಸಿದ ಸ್ಲೈಡನ್ನು ಹ್ಯಾಂಡಲ್ ತಿರುಗಿಸಿ ಮುಂದೆ ಸರಿಸಬೇಕು. ಟೂಲು ತಿರುಗುವ ಹಿತ್ತಾಳೆಗೆ ತಾಗುವ ಗಳಿಗೆಯನ್ನು ಅಂಗೈಯಲ್ಲಿ ಹಿಡಿಯಬೇಕು ಎನ್ನುತ್ತಿದ್ದರು. ತಪ್ಪಿದರೆ ಬೈಯುತ್ತಿರಲಿಲ್ಲ. ಹಾಳಾದ ತುಂಡನ್ನು ನನ್ನ ಕೈಯಲ್ಲೇ ಇಟ್ಟು ಎಲ್ಲಿ ತಪ್ಪಿತು ಹೇಳು ಎನ್ನುತ್ತಿದ್ದರು. ಅಷ್ಟು ತಾಳ್ಮೆಯ ಮನುಷ್ಯನೆಂದು ನನಗೆ ಹತ್ತು ವರ್ಷದಲ್ಲಿ ಗೊತ್ತಾಗಿರಲಿಲ್ಲ.

ಒಂದೇ ಒಂದು ಕಡೆ ಕೈ ಹಾಕಬೇಡ ಎಂದಿದ್ದರು. ಸ್ಲೈಡಿನ ಬದಿಗೆ ಮೂರು ಸಣ್ಣ ಸ್ಕ್ರೂಗಳಿದ್ದವು. "ಅವು ನಾ ಕೂಡಿಸಿದ್ದು. ಒಮ್ಮೆ ಅಲುಗಿದ್ರ ಮತ್ತ ಹಂಗ ಕೂಡೂದಿಲ್ಲ," ಎಂದಿದ್ದರು. ದೇವರ ಮನೆಯ ಬೆಳ್ಳಿ ಸಾಮಾನಿನಂತೆ ನಾನು ಅವನ್ನು ಒರೆಸುತ್ತಿದ್ದೆ, ಮುಟ್ಟುತ್ತಿರಲಿಲ್ಲ.

ಆರು ತಿಂಗಳಲ್ಲಿ ಕಾರ್ಖಾನೆಯವರು ನನ್ನ ಮಾಲು ತೆಗೆದುಕೊಂಡರು. ಮೊದಲ ಡಬ್ಬಿ ಪಾಸಾದ ದಿನ ಮಗಳು ಸಾಲೆಯಿಂದ ಬಂದು ಲೇತಿಗೆ ಹೂ ಏರಿಸಿದಳು. ವರ್ಷ ಕಳೆಯುವುದರಲ್ಲಿ ನನಗೆ ಅವರನ್ನು ಕೇಳುವಂಥದ್ದೇನೂ ಉಳಿಯಲಿಲ್ಲ. ಬೆಳಗ್ಗೆ ಕರೆಂಟು ಇರುವಾಗಲೇ ಎದ್ದು ಕೆಲಸ ಶುರು ಮಾಡುತ್ತಿದ್ದೆ. ಅವರು ಕುರ್ಚಿಯ ಮೇಲೆ ಪೇಪರ್ ಓದುತ್ತಿದ್ದರು. ಓದುತ್ತಿದ್ದಾರೆ ಎಂದೇ ನಾನು ತಿಳಿದಿದ್ದೆ.

ಆಮೇಲೆ ಸ್ಲೈಡು ಬಿಗಿಯಾಗತೊಡಗಿತು.

ಮೊದಲ ಸಲ ಆದಾಗ ನನ್ನ ಭುಜವೇ ನೊಂದಿದೆ ಎಂದುಕೊಂಡೆ. ಹಿಂದಿನ ದಿನ ಒಂದು ಬೆರಳಿಗೆ ತಿರುಗುತ್ತಿದ್ದ ಹ್ಯಾಂಡಲ್ಲಿಗೆ ಈಗ ಅಂಗೈ ಪೂರ್ತಿ ಹಾಕಬೇಕಿತ್ತು. ಬರೀ ಭಾರವಾಗಿದ್ದರೆ ಹೇಗೋ ನಡೆಯುತ್ತಿತ್ತು. ತುಸುವೇ ಮುಂದೆ ಸರಿಸಬೇಕು ಎಂದು ಒತ್ತಿದರೆ ಸ್ಲೈಡು ನಿಂತಲ್ಲೇ ನಿಲ್ಲುತ್ತಿತ್ತು. ಇನ್ನೊಂದಿಷ್ಟು ಒತ್ತಿದರೆ ಒಮ್ಮೆಲೆ ಜಿಗಿದು ಬೇಕಾದ್ದಕ್ಕಿಂತ ಹೆಚ್ಚು ಕಡೆದುಬಿಡುತ್ತಿತ್ತು. ಕಡಿಮೆ ಕಡೆದ ತುಂಡನ್ನು ಮತ್ತೆ ಕಡೆಯಬಹುದು. ಹೆಚ್ಚು ಕಡೆದದ್ದು ಗುಜರಿಗೆ.

ಅವರನ್ನು ಕರೆದೆ. ಕುರ್ಚಿ ಹತ್ತಿರ ಎಳೆದುಕೊಂಡು ಬಂದರು. ಸ್ಲೈಡಿನ ಕೆಳಗೆ ಪುಡಿ ಸೇರಿರಬೇಕು, ಹಳೆಯ ಎಣ್ಣೆ ಅಂಟಾಗಿರಬೇಕು, ಚಿಮಣಿ ಎಣ್ಣೆಯಲ್ಲಿ ತೊಳಿ ಎಂದರು. ಬ್ರಶ್ಶಿನಿಂದ ಉಜ್ಜಿ ತೊಳೆದೆ, ಒರೆಸಿ ಹೊಸ ಎಣ್ಣೆ ಬಿಟ್ಟೆ. ಸ್ವಲ್ಪವೂ ಸಡಿಲವಾಗಲಿಲ್ಲ. ಹಾಗಾದರೆ ಒಳಗಿನ ಉದ್ದ ಸ್ಕ್ರೂ ಬಗ್ಗಿರಬಹುದು ಎಂದರು. ಹ್ಯಾಂಡಲ್ ಬಿಚ್ಚಿ, ಆ ಉದ್ದ ಸ್ಕ್ರೂ ಹೊರಗೆಳೆದು, ಕಿಟಕಿಯ ಗಾಜು ತೆಗೆದು ಅದರ ಮೇಲೆ ಉರುಳಿಸಿ ನೋಡಿದೆವು. ಇಬ್ಬರೂ ತಲೆ ಬಗ್ಗಿಸಿ, ಗಾಜಿಗೂ ಸ್ಕ್ರೂವಿಗೂ ನಡುವೆ ಬೆಳಕು ಕಾಣುತ್ತದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡಿದ್ದು ನೆನಪಿದೆ. ಅದು ನೆಟ್ಟಗೇ ಇತ್ತು. ಅಂಚಿನಲ್ಲಿ ಎಲ್ಲಿಯಾದರೂ ಗೀರು ಎದ್ದಿದೆಯೇ ಎಂದು ಬೆರಳಾಡಿಸಿದೆವು. ಅದೂ ಇರಲಿಲ್ಲ. ಎಲ್ಲ ಮತ್ತೆ ಕೂಡಿಸಿದ ಮೇಲೆ ಅವರು, "ತಡಿ, ಎಣ್ಣಿ ಇಳೀಲಿ. ನೀ ಚಹಾ ಮಾಡ್ಕೊಂಡು ಬಾ," ಎಂದರು. ಚಹ ತಂದಾಗ ಸ್ಲೈಡು ಬೆಣ್ಣೆಯಂತೆ ಸರಿಯುತ್ತಿತ್ತು.

ಎಣ್ಣೆ ಇಳಿಯಲು ಹೊತ್ತು ಬೇಕು ಎಂದು ನಾನು ನಂಬಿದೆ. ಅಲ್ಲಿ ನಂಬದೆ ಇರಲು ಕಾರಣವೇನಿತ್ತು?

ಎಂಟು ಹತ್ತು ದಿನಕ್ಕೆ ಮತ್ತೆ ಬಿಗಿಯಾಯಿತು. ಮತ್ತೆ ಬಿಚ್ಚಿದೆವು. ಹೀಗೆ ನಾಲ್ಕೈದು ಸಲ. ಪ್ರತಿ ಸಲ ಅವರು ಹೊಸದೊಂದು ಜಾಗ ತೋರಿಸುತ್ತಿದ್ದರು. ನಾನು ಬಿಚ್ಚುತ್ತಿದ್ದೆ, ತೊಳೆಯುತ್ತಿದ್ದೆ, ಅವರು ಎಡಗೈಯಲ್ಲಿ ಬ್ಯಾಟರಿ ಹಿಡಿಯುತ್ತಿದ್ದರು. ಕೊನೆಗೆ ನಾನು ಚಹ ಮಾಡಲು ಹೋಗುತ್ತಿದ್ದೆ. ಒಂದು ಮಾತು ಮುಚ್ಚಿಡದೆ ಬರೆಯಬೇಕು. ಆ ಸಂಜೆಗಳು ನನಗೆ ಇಷ್ಟವಾಗಿದ್ದವು. ಮಾಲು ಹಾಳಾಗುತ್ತಿದೆ ಎಂಬ ಚಿಂತೆಯ ನಡುವೆಯೂ ನಾವು ಅಷ್ಟು ಮಾತಾಡಿದ್ದು ಕಡಿಮೆ. ತಾವು ಕಲಿಯುತ್ತಿದ್ದಾಗಿನ ಕಥೆಗಳನ್ನು ಹೇಳುತ್ತಿದ್ದರು. ಮಗಳು ನಮ್ಮನ್ನು ನೋಡಿ ನಗುತ್ತಿದ್ದಳು. ಯಂತ್ರ ಕೆಟ್ಟಾಗ ಮನೆ ಚೆನ್ನಾಗಿರುತ್ತದೆ ಎಂದು ಒಮ್ಮೆ ನನಗೆ ಅನಿಸಿಯೂ ಇತ್ತು.

ಅಷ್ಟರಲ್ಲಿ ಕಾರ್ಖಾನೆಯಲ್ಲಿ ಮಾಲು ಅಳತೆ ನೋಡುವ ಮನುಷ್ಯ ಮನೆಗೆ ಬಂದ. ಅವನು ಕೆಟ್ಟವನಲ್ಲ, ನನ್ನ ಮೊದಲ ಡಬ್ಬಿಯನ್ನು ಪಾಸು ಮಾಡಿದವನೇ. ಪಡಸಾಲೆಯಲ್ಲಿ ಕುಳಿತು, ಚೀಲದಿಂದ ನನ್ನ ಬುಷ್‌ಗಳನ್ನು ತೆಗೆದು ಚಾಪೆಯ ಮೇಲಿಟ್ಟ. ಅರ್ಧಕ್ಕರ್ಧ ಅಳತೆಗಿಂತ ಸಣ್ಣವು.

"ಅಕ್ಕಾರ, ತಪ್ಪ ತಿಳ್ಕೋಬ್ಯಾಡ್ರಿ," ಎಂದ. "ಯಜಮಾನ್ರು ಮಾಡಿದ ಮಾಲು ನಾವು ಕಣ್ಣ ಮುಚ್ಚಿ ತೊಗೋತಿದ್ವಿ. ಇದು ಗಂಡಸರ ಕೈ ಬೇಡೋ ಕೆಲಸ ಐತ್ರಿ. ಹೆಣ್ಮಕ್ಕಳ ಕೈ ಹಗುರ ಇರತೈತಿ, ಒಮ್ಮೆ ಒತ್ತತೈತಿ, ಒಮ್ಮೆ ಬಿಡತೈತಿ."

ಸ್ಲೈಡು ಬಿಗಿಯಾಗುತ್ತದೆ ಎಂದು ಹೇಳಲು ನಾನು ಬಾಯಿ ತೆರೆದೆ. ಅವರೇ ಹೇಳಲಿ, ಅವರು ಹೇಳಿದರೆ ತೂಕ ಬರುತ್ತದೆ ಎಂದು ಕುರ್ಚಿಯ ಕಡೆ ನೋಡಿದೆ. ಅವರು ನನ್ನನ್ನು ನೋಡಲಿಲ್ಲ. ಚಾಪೆಯ ಮೇಲಿನ ಒಂದು ಬುಷ್ ಎತ್ತಿಕೊಂಡು ತಿರುವಿ ನೋಡುತ್ತ, "ಖರೇ ಐತಿ. ಆಕಿ ಕೈಗೂ ದಣಿವಾಗೈತಿ," ಎಂದರು.

ಆರ್ಡರಿನ ಅರ್ಧವನ್ನು ಬೇರೆಯವರಿಗೆ ಕೊಡುತ್ತೇವೆ ಎಂದು ಹೇಳಿ ಅವನು ಹೋದ. ಅವತ್ತು ನಾನು ಅಡಿಗೆಮನೆಯಲ್ಲಿ ಹಿಟ್ಟು ನಾದುತ್ತ ನನ್ನ ಕೈಗಳನ್ನೇ ನೋಡುತ್ತಿದ್ದೆ. ಅವು ಹಗುರವೇ? ಒಂದೇ ಸಮ ಒತ್ತುವುದು ನನಗೆ ಬರುವುದಿಲ್ಲವೇ? ಹತ್ತು ವರ್ಷ ರೊಟ್ಟಿ ಬಡಿದ ಕೈಗಳು. ಒಂದೂ ರೊಟ್ಟಿ ದಪ್ಪ ತೆಳುವಾಗಿ ಬಂದದ್ದಿಲ್ಲ. ಆದರೂ ಅವನ ಮಾತನ್ನು ನಂಬಿದೆ, ಯಾಕೆಂದರೆ ಕಲಿಸಿದವರೇ ಅದನ್ನು ಒಪ್ಪಿದ್ದರು. ಸ್ವಲ್ಪ ದಿನ ಭುಜಕ್ಕೆ ಬಲ ಬರಲೆಂದು ತುಂಬಿದ ಕೊಡವನ್ನು ಒಂದೇ ಕೈಯಲ್ಲಿ ಎತ್ತುವ ಅಭ್ಯಾಸ ಮಾಡಿದೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಮಾಡಿದ್ದು ನಿಜ.

ಮುಂದಿನ ಸಲ ಸ್ಲೈಡು ಬಿಗಿಯಾದಾಗ ಅವರು ಮನೆಯಲ್ಲಿರಲಿಲ್ಲ. ಕೈಗೆ ವ್ಯಾಯಾಮ ಮಾಡಿಸಿಕೊಳ್ಳಲು ಆಸ್ಪತ್ರೆಗೆ ಹೋಗಿದ್ದರು. ನಮ್ಮ ಊರಿನದೇ ಬೆಂಗೇರಿಯಲ್ಲಿ ಒಬ್ಬ ವಯಸ್ಸಾದ ಮಿಸ್ತ್ರಿ ಇದ್ದ, ಲೇತ್ ರಿಪೇರಿ ಮಾಡುವವನು. ನಮ್ಮವರಿಗೆ ಅವನ ಪರಿಚಯವಿತ್ತು, ಆದರೆ ಅವನನ್ನು ಕರೆಸೋಣ ಎಂದಾಗಲೆಲ್ಲ ಬೇಡ ಎನ್ನುತ್ತಿದ್ದರು. ಅವತ್ತು ನಾನೇ ಹೇಳಿಕಳಿಸಿದೆ. ಅವನು ಸೈಕಲ್ಲಿನ ಮೇಲೆ ಬಂದ, ಹ್ಯಾಂಡಲ್ ಅರ್ಧ ಸುತ್ತು ತಿರುಗಿಸಿದ, ಏನನ್ನೂ ಬಿಚ್ಚದೆ ನೇರವಾಗಿ ಆ ಮೂರು ಸ್ಕ್ರೂಗಳ ಹತ್ತಿರ ಹೋದ. ಮುಟ್ಟಬೇಡಿ ಎಂದು ನಾನು ಅಂದೇಬಿಟ್ಟೆ.

ಅವನು ನನಗೆ ತೋರಿಸಿದ. ಸ್ಲೈಡಿನ ಒಂದು ಬದಿಯಲ್ಲಿ ಉಕ್ಕಿನ ತೆಳು ಪಟ್ಟಿಯೊಂದು ಇರುತ್ತದೆ. ಈ ಮೂರು ಸ್ಕ್ರೂಗಳು ಅದನ್ನು ಒತ್ತಿ ಹಿಡಿಯುತ್ತವೆ. ಸಡಿಲ ಬಿಟ್ಟರೆ ಸ್ಲೈಡು ಅಲ್ಲಾಡುತ್ತದೆ, ಬಿಗಿದರೆ ಹಿಡಿದುಕೊಳ್ಳುತ್ತದೆ. ಮೂರನ್ನೂ ಸ್ವಲ್ಪ ಸ್ವಲ್ಪ ಸಡಿಲ ಬಿಟ್ಟ. ಸ್ಲೈಡು ಒಂದು ಬೆರಳಿಗೆ ಸರಿಯಿತು. ಚಿಮಣಿ ಎಣ್ಣೆ ಬೇಕಾಗಲಿಲ್ಲ, ಗಾಜು ಬೇಕಾಗಲಿಲ್ಲ, ಚಹ ಕುದಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

ಆಗಾಗ ಯಾಕೆ ಹೀಗೆ ಬಿಗಿಯಾಗುತ್ತದೆ ಎಂದು ಕೇಳಿದೆ.

ಅವನು ಕೈ ಒರೆಸಿಕೊಳ್ಳುತ್ತಿದ್ದವನು ನಿಲ್ಲಿಸಿದ. "ಲೇತ್ ನಡಗತೈತಿ ತಂಗಿ. ನಡಗಿ ನಡಗಿ ಇವು ಸಡಿಲ ಆಗತಾವ. ತಾವಾಗಿ ಬಿಗಿ ಆಗೂದಿಲ್ಲ," ಎಂದ. ಆಮೇಲೆ ಪಡಸಾಲೆಯಲ್ಲಿದ್ದ ಖಾಲಿ ಕುರ್ಚಿಯನ್ನು ಒಮ್ಮೆ ನೋಡಿ, ಸೈಕಲ್ ಹತ್ತಿ ಹೊರಟ.

ಅವನು ಏನು ಹೇಳಿದ ಎಂದು ನನಗೆ ಆ ಗಳಿಗೆಯಲ್ಲೇ ತಿಳಿಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮಗಳು ಆಟಕ್ಕೆ ತಿರುವಿರಬಹುದು ಎಂದುಕೊಂಡೆ. ಅವಳನ್ನು ಗದರಿಸಿ ಕೇಳಿದೆ, ಅತ್ತಳು. ಆಮೇಲೆ ಒಂದು ದಿನ ಅಡಿಗೆಮನೆಯ ಕ್ಯಾಲೆಂಡರಿನ ಮುಂದೆ ನಿಂತಿದ್ದೆ. ಆಗ ನಮ್ಮ ಓಣಿಯ ನಳಕ್ಕೆ ಎಂಟು ದಿನಕ್ಕೊಮ್ಮೆ ನೀರು ಬರುತ್ತಿತ್ತು. ಬಂದ ದಿನ ಕ್ಯಾಲೆಂಡರಿನಲ್ಲಿ ಒಂದು ಸೊನ್ನೆ ಹಾಕುತ್ತಿದ್ದೆ. ಗುಜರಿಗೆ ಹೋದ ಮಾಲಿನ ನೆನಪಿಗೆಂದು ಸ್ಲೈಡು ಬಿಗಿಯಾದ ದಿನಕ್ಕೂ ಒಂದು ಗೀಟು ಎಳೆದಿದ್ದೆ. ಎರಡು ತಿಂಗಳ ಹಾಳೆ ತಿರುವಿದೆ. ಎಲ್ಲೆಲ್ಲಿ ಗೀಟು ಇತ್ತೋ ಅಲ್ಲೆಲ್ಲ ಅದೇ ದಿನದ ಚೌಕದಲ್ಲಿ ಅಥವಾ ಹಿಂದಿನ ದಿನದ ಚೌಕದಲ್ಲಿ ಸೊನ್ನೆ ಇತ್ತು.

ನೀರು ಬಂದ ದಿನ ನಾನು ಎರಡು ತಾಸು ನಳದ ಹತ್ತಿರ ಇರುತ್ತಿದ್ದೆ. ಮಗಳು ಕೊಡ ಹಿಡಿಯಲು ನನ್ನ ಜೊತೆ ಇರುತ್ತಿದ್ದಳು.

ಆಗಲೂ ನಾನು ಬೇರೆ ಕಾರಣ ಹುಡುಕಿದೆ. ಕೊಡ ಒಳಗೆ ತರುವಾಗ ಪಡಸಾಲೆಯಲ್ಲಿ ನೀರು ಚೆಲ್ಲುತ್ತದೆ, ತೇವಕ್ಕೆ ಯಂತ್ರ ಹಿಡಿದುಕೊಳ್ಳುತ್ತಿರಬಹುದು ಎಂದು ಗೋಣಿಚೀಲ ಹಾಸಿದೆ. ಮನಸ್ಸಿಗೆ ಸಮಾಧಾನವಾಗಲಿಲ್ಲ. ಮಗಳ ಉಗುರುಬಣ್ಣದ ಶೀಶೆ ತೆಗೆದುಕೊಂಡು, ಮೂರು ಸ್ಕ್ರೂಗಳ ತಲೆಯ ಮೇಲಿಂದ ಪಕ್ಕದ ಕಬ್ಬಿಣದವರೆಗೆ ಒಂದೊಂದು ಸಣ್ಣ ಗೆರೆ ಎಳೆದೆ. ಸ್ಕ್ರೂ ತಿರುಗಿದರೆ ಗೆರೆ ಮುರಿಯಬೇಕು. ಗಂಡನ ಯಂತ್ರಕ್ಕೆ ಕಳ್ಳನನ್ನು ಹಿಡಿಯುವ ಗುರುತು ಹಾಕುತ್ತಿದ್ದೇನೆ ಎಂದು ಗೊತ್ತಿದ್ದೇ ಎಳೆದೆ. ಕೆಂಪು ಬಣ್ಣ ಕಣ್ಣಿಗೆ ಬಿದ್ದೀತೆಂದು ಮೇಲೆ ಎಣ್ಣೆಯ ಮಸಿ ಸವರಿದೆ.

ಮೂರನೆಯ ದಿನ ಬೆಳಗ್ಗೆ ನೀರು ಬಂತು. ಸ್ಲೈಡು ಒಮ್ಮೆ ಸರಿಸಿ ನೋಡಿ, ಗೆರೆ ಸರಿಯಾಗಿವೆ ಎಂದು ಖಾತ್ರಿ ಮಾಡಿಕೊಂಡು ಕೊಡ ತೆಗೆದುಕೊಂಡು ಹೋದೆ. ಪಾಳಿ ಬರಲು ಇನ್ನೂ ಐದಾರು ಜನ ಇದ್ದರು. ಮಗಳನ್ನು ಪಾಳಿಯಲ್ಲಿ ನಿಲ್ಲಿಸಿ, ಇನ್ನೊಂದು ಕೊಡ ತರುತ್ತೇನೆ ಎಂದು ಹಿಂದಿನ ಬಾಗಿಲಿನಿಂದ ಒಳಗೆ ಬಂದೆ.

ಅವರು ಕುರ್ಚಿಯನ್ನು ಲೇತಿನ ಬದಿಗೆ ಎಳೆದುಕೊಂಡು ಕುಳಿತಿದ್ದರು. ಕನ್ನಡಕ ಮೂಗಿನ ತುದಿಯಲ್ಲಿತ್ತು. ಎಡಗೈಯಲ್ಲಿ ಸ್ಕ್ರೂಡ್ರೈವರ್. ಮಡಚದ ಬಲಗೈ ಬೆರಳುಗಳನ್ನು ಸ್ಕ್ರೂವಿನ ಪಕ್ಕ ಆಸರೆಗೆ ಇಟ್ಟಿದ್ದರು. ಅವಸರವಿರಲಿಲ್ಲ. ಎಷ್ಟು ಬೇಕೋ ಅಷ್ಟೇ ತಿರುಗಿಸಿ, ಹ್ಯಾಂಡಲ್ ಮುಟ್ಟಿ ನೋಡಿ, ಮತ್ತೆ ತುಸು ತಿರುಗಿಸುತ್ತಿದ್ದರು. ನನಗೆ ಕಲಿಸುವಾಗ ಇದ್ದ ಅದೇ ತಾಳ್ಮೆ. ಅದನ್ನು ನೋಡಿದಾಗ ನನಗೆ ಸಿಟ್ಟು ಬರಲಿಲ್ಲ. ಕೊಡ ತರಲು ಬಂದದ್ದನ್ನು ಮರೆತು ಲೇತಿನ ಹತ್ತಿರ ಹೋದೆ.

ಎಷ್ಟು ದಿನದಿಂದ ಮಾಡುತ್ತಿದ್ದೀರಿ ಎಂದು ಕೇಳಿದೆ. ಅವರು ಬೆಚ್ಚಲಿಲ್ಲ. ಸ್ಕ್ರೂಡ್ರೈವರನ್ನು ತೊಡೆಯ ಮೇಲೆ ಇಟ್ಟುಕೊಂಡು, ಸ್ವಲ್ಪ ಸಡಿಲ ಅನಿಸಿತು, ನೋಡುತ್ತಿದ್ದೆ ಎಂದರು. ಸಡಿಲ ಇರಲಿಲ್ಲ, ಈಗಷ್ಟೇ ನಾನೇ ನೋಡಿ ಹೋಗಿದ್ದೇನೆ ಎಂದೆ. ಮಸಿ ಒರೆಸಿ ಮುರಿದ ಗೆರೆಗಳನ್ನು ತೋರಿಸಿದೆ. ಅವರು ಬಗ್ಗಿ ಒಂದೊಂದನ್ನೂ ನೋಡಿದರು.

"ನೀ ಕರಿಯೂದು ಬಿಟ್ಟಿದ್ದಿ," ಎಂದರು ಕೊನೆಗೆ. "ಮೊದಲ ದಿನಕ್ಕ ಹತ್ತು ಸಲ ಕರೀತಿದ್ದಿ. ಇದು ಹೆಂಗ, ಅದು ಹೆಂಗ ಅಂತ. ಆಮ್ಯಾಲ ಒಂದು ಮಾತೂ ಕೇಳಲಿಲ್ಲ. ನಾ ಇಲ್ಲೇ ಕೂತಿರತಿದ್ದೆ."

"ಅದನ್ನ ಬಾಯಿಲೆ ಹೇಳಬಹುದಿತ್ತಲ್ಲರಿ."

ಅವರು ಸ್ಕ್ರೂಡ್ರೈವರನ್ನು ತೊಡೆಯಿಂದ ತೆಗೆದು ಲೇತಿನ ಮೇಲಿಟ್ಟರು.

"ಆ ಮನುಷ್ಯಾ ನನ್ನ ಕೈ ಬಗ್ಗೆ ಮಾತಾಡಿದಾಗ ನೀವು ಖರೇ ಐತಿ ಅಂದ್ರಿ."

"ಅಂದೆ," ಎಂದರು.

ಅಷ್ಟೇ. ತಪ್ಪಾಯಿತು ಎಂಬ ಮಾತು ಬರಲಿಲ್ಲ, ಬಂದರೂ ಅವತ್ತು ನನಗೆ ಅದರಿಂದ ಏನಾಗುತ್ತಿತ್ತೋ ಗೊತ್ತಿಲ್ಲ. ನಳದ ಕಡೆಯಿಂದ ಮಗಳು ಕೂಗಿದಳು, ಪಾಳಿ ಬಂದಿತ್ತು. ನಾನು ಕೊಡ ಎತ್ತಿಕೊಂಡು ಹೋದೆ. ನೀರು ತುಂಬಿದೆ, ಹೊತ್ತು ತಂದೆ, ಮತ್ತೆ ಹೋದೆ. ಹದಿನಾಲ್ಕು ಕೊಡ ತುಂಬುವವರೆಗೂ ಒಳಗೆ ಹೊರಗೆ ಓಡಾಡಿದೆ. ಪ್ರತಿ ಸಲ ಪಡಸಾಲೆ ದಾಟುವಾಗ ಅವರು ಅದೇ ಕುರ್ಚಿಯಲ್ಲಿ ಅದೇ ಕಡೆ ಮುಖ ಮಾಡಿ ಕುಳಿತಿದ್ದರು.

ಅವರ ಸಂಕಟ ನನಗೆ ತಿಳಿಯಲಿಲ್ಲ ಎಂದಲ್ಲ. ಕೈ ಹೋದ ಟರ್ನರ್ ತನ್ನದೇ ಯಂತ್ರದ ಪಕ್ಕ ಪೇಪರ್ ಹಿಡಿದು ಕೂರುವುದು ಎಂಥದ್ದು ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ನಾನು ಕರೆಯುವುದನ್ನು ಬಿಟ್ಟದ್ದೂ ನಿಜವೇ. ಆದರೆ ನನಗೆ ಮರೆಯಲಾಗದ್ದು ಸ್ಕ್ರೂ ತಿರುಗಿಸಿದ್ದಲ್ಲ. ಗಾಜಿನ ಮೇಲೆ ಸ್ಕ್ರೂ ಉರುಳಿಸಿ ಇಬ್ಬರೂ ತಲೆ ಬಗ್ಗಿಸಿದ್ದೆವಲ್ಲ, ಆಗ ಅಲ್ಲಿ ಏನೂ ಇಲ್ಲವೆಂದು ಅವರಿಗೆ ಗೊತ್ತಿತ್ತು. ನಾನು ಹುಡುಕುತ್ತಿದ್ದೆ, ಅವರು ನಾನು ಹುಡುಕುವುದನ್ನು ನೋಡುತ್ತಿದ್ದರು. ನನ್ನ ಸಂಸಾರದ ಒಳ್ಳೆಯ ಸಂಜೆಗಳು ಎಂದು ನಾನು ಎಣಿಸಿಕೊಂಡಿದ್ದವು ಒಂದೊಂದಾಗಿ ಕೈಬಿಟ್ಟು ಹೋದವು. ಚಹ ಸೋಸುತ್ತ ನಾನು ಖುಷಿಯಲ್ಲಿದ್ದ ಹೊತ್ತಿನಲ್ಲೇ ಅವರು ಪಡಸಾಲೆಯಲ್ಲಿ ಸ್ಕ್ರೂ ಸಡಿಲ ಮಾಡುತ್ತಿದ್ದರು.

ಎರಡು ತಿಂಗಳಲ್ಲಿ ನಾನು ಬೆಂಗೇರಿಯಲ್ಲಿ ಒಂದು ತಗಡಿನ ಶೆಡ್ಡು ಬಾಡಿಗೆಗೆ ಹಿಡಿದೆ. ಮಿಸ್ತ್ರಿಯೇ ಹುಡುಕಿಕೊಟ್ಟ. ಕಾರಣ ಕೇಳಲಿಲ್ಲ. ಪಡಸಾಲೆ ಸಣ್ಣದಾಯಿತು, ಮಗಳಿಗೆ ಓದಲು ಜಾಗ ಬೇಕು ಎಂದು ಮನೆಮಂದಿಗೆ ಹೇಳಿದೆ. ಯಂತ್ರವನ್ನು ಟೆಂಪೋಕ್ಕೆ ಏರಿಸುವಾಗ ಅವರು ಬಾಗಿಲಲ್ಲಿ ನಿಂತು, ಹಗ್ಗ ಎಲ್ಲಿ ಕಟ್ಟಬೇಕು ಎಂದು ಹಮಾಲರಿಗೆ ಹೇಳುತ್ತಿದ್ದರು. ಸರಿಯಾಗಿಯೇ ಹೇಳುತ್ತಿದ್ದರು. ಶೆಡ್ಡಿನ ಕೀಲಿಯನ್ನು ನಾನು ನನ್ನ ಸೊಂಟದಲ್ಲೇ ಇಟ್ಟುಕೊಂಡೆ.

ಕಾರ್ಖಾನೆಯ ಪೂರ್ತಿ ಆರ್ಡರು ಮರಳಿ ಬರಲು ಒಂದೂವರೆ ವರ್ಷ ಹಿಡಿಯಿತು. ಅಳತೆ ನೋಡುವ ಮನುಷ್ಯ ಒಮ್ಮೆ ಶೆಡ್ಡಿಗೆ ಬಂದು, ಈಗ ಕೈ ಕುದುರಿತು ನೋಡ್ರಿ ಅಕ್ಕಾರ ಎಂದ. ಹೂಂ ಎಂದೆ. ಕೈ ಯಾವತ್ತೂ ಕುದುರಿಯೇ ಇತ್ತು ಎಂದು ಹೇಳಲು ಹೋದರೆ ಮನೆಯ ಮಾತನ್ನೆಲ್ಲ ಹೊರಗೆ ಹಾಕಬೇಕಾಗುತ್ತಿತ್ತು.

ನಾವು ಬೇರೆಯಾಗಲಿಲ್ಲ. ಒಂದೇ ಮನೆಯಲ್ಲಿ ಉಂಡೆವು, ಮಗಳ ಮದುವೆ ಮಾಡಿದೆವು. ಅವರಿಗೆ ಪೇಟೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ ಸಿಕ್ಕಿತು, ಲೇತಿನ ಟೂಲು, ಡ್ರಿಲ್ಲು ಮಾರುವ ಅಂಗಡಿ. ಆ ಕೆಲಸ ಅವರಿಗೆ ಚೆನ್ನಾಗಿ ಒಗ್ಗಿತು. ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಹುಬ್ಬಳ್ಳಿಯ ಅರ್ಧ ಟರ್ನರುಗಳು ಅವರನ್ನು ಕೇಳಿಯೇ ಸಾಮಾನು ಕೊಳ್ಳುತ್ತಿದ್ದರು. ಯಾವ ಲೋಹಕ್ಕೆ ಯಾವ ಟೂಲು, ಲೇತ್ ಕಿರಗುಟ್ಟಿದರೆ ಏನು ಮಾಡಬೇಕು, ಸ್ಲೈಡು ಹಿಡಿದರೆ ಎಲ್ಲಿ ನೋಡಬೇಕು, ಎಲ್ಲವನ್ನೂ ಹೇಳುತ್ತಿದ್ದರು. ನಿಮ್ಮ ಯಜಮಾನರು ಬಹಳ ಛಲೋ ತಿಳಿಸಿಕೊಡುತ್ತಾರೆ ಎಂದು ಜನ ನನ್ನ ಶೆಡ್ಡಿಗೆ ಬಂದು ಹೊಗಳುತ್ತಿದ್ದರು.

ನನಗೂ ತಿಂಗಳಿಗೊಮ್ಮೆ ಟೂಲು ಬೇಕಾಗುತ್ತಿತ್ತು. ಅದೇ ಸಾಲಿನಲ್ಲಿ ನಾಲ್ಕು ಅಂಗಡಿ ಆಚೆ ಇನ್ನೊಂದು ಅಂಗಡಿ ಇದೆ, ದರ ಸ್ವಲ್ಪ ಹೆಚ್ಚು. ನಾನು ಅಲ್ಲಿಂದ ತರುತ್ತಿದ್ದೆ. ಅವರಿಗೆ ಗೊತ್ತಿತ್ತು. ಮಧ್ಯಾಹ್ನದ ಬುತ್ತಿಯನ್ನು ಅವರ ಕೌಂಟರಿನ ಮೇಲಿಟ್ಟು, ಗಿರಾಕಿಗಳ ನಡುವೆ ಅವರು ತಲೆಯೆತ್ತಿದರೆ ಬರುತ್ತೇನೆ ಎಂದು ಹೇಳಿ, ಅವರ ಕಣ್ಣೆದುರೇ ಆ ಕಡೆ ನಡೆದು ಹೋಗುತ್ತಿದ್ದೆ.